ಕೃತಕಸಂಧಿಗಳ ನೋಂದಣಿಗ್ರಂಥಗಳಲ್ಲಿ ‘ವೈಫಲ್ಯ’ವೆಂಬುದರ ಲಕ್ಷಣ

ಸವೆದುಹೋದ ಸೊಂಟದ ಕೀಲನ್ನಾಗಲಿ ಮಂಡಿಯ ಕೀಲನ್ನಾಗಲಿ ಕೊಯ್ದು ತೆಗೆದು, ಅದರ ಸ್ಥಾನದಲ್ಲಿ ಲೋಹ, ಪಿಂಗಾಣಿ, ಪಾಲಿಎಥಿಲೀನ್ ಮೊದಲಾದವುಗಳಿಂದ ರಚಿತವಾದ ಕೀಲನ್ನು ಕೂಡಿಸುವ ಶಸ್ತ್ರಕ್ರಿಯೆಯು ಇಂದು ಲೋಕದಲ್ಲೆಲ್ಲ ಬಳಕೆಗೆ ಬಂದಿರುವುದು ಸರ್ವವಿದಿತವಾದ ವಿಷಯ. ಕನ್ನಡಿಗರು ಇದನ್ನು ಆಡುಮಾತಿನಲ್ಲಿ ‘ಮಂಡಿಚಿಪ್ಪು ಬದಲಾಯಿಸುವುದು’ ಎನ್ನುವರು. ಚಿಪ್ಪು ಎಷ್ಟೋ ವೇಳೆ ಇದ್ದಲ್ಲಿಯೇ ಇರುವುದು. ಬದಲಾಗತಕ್ಕದ್ದು ತೊಡೆಯೆಲುಬಿನ ಕೆಳತುದಿಯ ಮತ್ತು ಕಣಕಾಲೆಲುಬಿನ ಮೇಲ್ತುದಿಯ ಸವೆದ ಮೈ. ಆದುದರಿಂದ ಈ ಹೆಸರು ಅಷ್ಟೇನೂ ಅನ್ವರ್ಥವಲ್ಲ. ಆದರೂ ರೂಢಿಯು ಯೋಗಕ್ಕಿಂತ ಬಲವತ್ತರವೆಂಬುದು ಶಾಸ್ತ್ರಜ್ಞರಿಗೆ ಹೊಸದಲ್ಲ. ವೈಯಾಕರಣರ ಪರಿಭಾಷೆಯಲ್ಲಿ ಹೇಳುವುದಾದರೆ ಸಹಜವಾದ ಕೀಲು ಸ್ಥಾನಿ, ಕೃತಕವಾದ ಕೀಲು ಆದೇಶ. ಆದೇಶವು ಸ್ಥಾನಿಯ ಕಾರ್ಯವನ್ನು ನಿರ್ವಹಿಸಬೇಕೆಂದು ಅಪೇಕ್ಷೆ. ಎಷ್ಟು ಕಾಲ ನಿರ್ವಹಿಸುವುದು, ಎಷ್ಟು ಚೆನ್ನಾಗಿ ನಿರ್ವಹಿಸುವುದು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಉತ್ತರ ಹೇಳುವುದಕ್ಕಾಗಿ ಹುಟ್ಟಿದವುಗಳೇ ಕೃತಕಕೀಲುಗಳ ರಿಜಿಸ್ಟರುಗಳು. ಒಂದು ದೇಶದಲ್ಲಿ ಯಾರಿಗೆ, ಯಾವ ದಿನ, ಯಾವ ಆಸ್ಪತ್ರೆಯಲ್ಲಿ, ಯಾವ ಕಾರ್ಖಾನೆಯ ಯಾವ ಕೀಲನ್ನು ಕೂಡಿಸಲಾಯಿತು, ಅದನ್ನು ಯಾವಾಗ ಏಕೆ ತೆಗೆಯಬೇಕಾಯಿತು ಎಂಬುದನ್ನು ಒಂದೆಡೆ ಬರೆದಿಟ್ಟು, ವರ್ಷಕ್ಕೊಮ್ಮೆ ಅದರ ಲೆಕ್ಕವನ್ನು ಸಂಪುಟರೂಪದಲ್ಲಿ ಪ್ರಕಟಿಸುವುದು ಇವುಗಳ ಪದ್ಧತಿ. ಈ ಸಂಪುಟಗಳನ್ನು ವೈದ್ಯರು ಕೋಷ್ಟಕಗಳಿಗಾಗಿ ತೆರೆಯುವರು. ಅವನ್ನು ಗ್ರಂಥವೆಂದೇ ಎಣಿಸಿ, ಯಾವ ಶಬ್ದಕ್ಕೆ ಯಾವ ಅರ್ಥ, ಯಾವ ಪ್ರಮಾಣದಿಂದ ಯಾವ ಪ್ರಮೇಯವು ಸಿದ್ಧಿಸಿತು ಎಂದು ವಿಚಾರಿಸಿ ಓದುವವರು ವಿರಳ. ಲಕ್ಷಣವು ದುಷ್ಟವಾದರೆ ಲಕ್ಷ್ಯವು ಕೈತಪ್ಪುವುದೆಂಬುದು ಅಲಂಕಾರಶಾಸ್ತ್ರದಲ್ಲಿ ಎಷ್ಟು ನಿಜವೋ ಇಲ್ಲಿಯೂ ಅಷ್ಟೇ ನಿಜ. ಅಲ್ಲಿ ಕೈತಪ್ಪುವುದು ಒಂದು ಪದ್ಯ. ಇಲ್ಲಿ ಒಬ್ಬ ವೃದ್ಧೆಯ ನಡಿಗೆ.

ಈ ವಿಚಾರದ ಮೂಲವನ್ನು ಹುಡುಕುವವರು ಅಮೆರಿಕದ ಬಾಸ್ಟನ್ ನಗರದ ಅರ್ನೆಸ್ಟ್ ಆಮರಿ ಕಾಡ್ಮನ್ ಎಂಬ ಶಸ್ತ್ರವೈದ್ಯನವರೆಗೆ ಹೋಗುವರು. ಚಿಕಿತ್ಸೆ ಪಡೆದ ಪ್ರತಿಯೊಬ್ಬ ರೋಗಿಯನ್ನೂ ಫಲವು ನಿಶ್ಚಿತವಾಗುವವರೆಗೆ ಬಿಡದೆ ವಿಚಾರಿಸುತ್ತಿರಬೇಕು, ಫಲವು ಕೆಟ್ಟದ್ದಾದರೆ ಏಕೆ ಕೆಟ್ಟಿತೆಂದು ಶೋಧಿಸಬೇಕು, ಕಂಡುದನ್ನು ಮುಚ್ಚಿಡದೆ ಪ್ರಕಟಿಸಬೇಕು ಎಂಬುದು ಅವನ ಮತ. ೧೯೧೧ರಿಂದ ೧೯೧೬ರವರೆಗೆ ತನ್ನ ಚಿಕ್ಕ ಆಸ್ಪತ್ರೆಯಿಂದ ಮನೆಗೆ ಹೋದ ೩೩೭ ರೋಗಿಗಳ ಲೆಕ್ಕವನ್ನು ಕೊಟ್ಟು, ಅವರ ಚಿಕಿತ್ಸೆಯಲ್ಲಿ ೧೨೩ ತಪ್ಪುಗಳು ನಡೆದುವೆಂದು ಅವನು ತಾನಾಗಿ ೧೯೧೮ರಲ್ಲಿ ಅಚ್ಚುಹಾಕಿಸಿದನು. ಸಮಕಾಲೀನರಿಗೆ ಇದು ರುಚಿಸಲಿಲ್ಲವೆಂದು ಹೇಳಬೇಕಾದುದಿಲ್ಲ. ಮುಂದೆ ಅವನೇ ಎಲುಬಿನ ಅರ್ಬುದರೋಗಿಗಳ ರಿಜಿಸ್ಟರೊಂದನ್ನು ಆರಂಭಿಸಿದನು.

ಸೊಂಟದ ಕೀಲಿನ ವಿಷಯದಲ್ಲಿ ಇಂಗ್ಲೆಂಡಿನ ರೈಟಿಂಗ್‌ಟನ್ ಆಸ್ಪತ್ರೆಯ ಜಾನ್ ಚಾರ್ನ್ಲಿಯ ಕಥೆಯು ಬೋಧಪ್ರದವಾಗಿದೆ. ಅವನು ಮೊದಲು ಟೆಫ್ಲಾನ್ ಎಂಬ ದ್ರವ್ಯದಿಂದ ಬಟ್ಟಲನ್ನು ಮಾಡಿಸಿ ಕೂಡಿಸಿದನು. ಅದು ನುಣುಪೇನೋ ಅಹುದು. ಆದರೆ ಕೆಲವೇ ವರ್ಷಗಳಲ್ಲಿ ಸವೆದು, ಸವೆದ ಪುಡಿಯು ಸುತ್ತಣ ಮಾಂಸವನ್ನು ಕೆರಳಿಸಿತು. ಆ ದ್ರವ್ಯವನ್ನೂ ಹೊಸದಾಗಿ ಬಂದ ಪಾಲಿಎಥಿಲೀನನ್ನೂ ಚಾರ್ನ್ಲಿಯು ತನ್ನ ತೊಡೆಯಲ್ಲಿಯೇ ಹುದುಗಿಸಿಕೊಂಡು ಪರೀಕ್ಷಿಸಿ, ೧೯೬೨ನೆಯ ನವೆಂಬರಿನಿಂದ ಎರಡನೆಯದನ್ನು ಉಪಯೋಗಿಸತೊಡಗಿದನು. ತನ್ನ ರೋಗಿಗಳು ಕಾಲವಾದ ಮೇಲೆ ಆ ಕೀಲನ್ನು ಹೊರತೆಗೆದು ನೋಡಲು ಒಪ್ಪಿಗೆಯನ್ನೂ ಕೇಳಿ ಪಡೆಯುತ್ತಿದ್ದನು. ಇಷ್ಟು ಶ್ರದ್ಧೆಯ ಪ್ರತ್ಯಕ್ಷವು ಒಬ್ಬನಲ್ಲಿ ಇರುವುದು ದುರ್ಲಭ. ಇದ್ದರೂ ಅದು ಒಬ್ಬನ ಪ್ರತ್ಯಕ್ಷವೇ.

ಏತಕ್ಕೆಂದರೆ, ಒಬ್ಬ ಶಸ್ತ್ರವೈದ್ಯನು ಒಂದು ಬಗೆಯ ಕೀಲನ್ನು ೪೦ ಮಂದಿಗೆ ಕೂಡಿಸಿದನೆಂದು ಭಾವಿಸಿದರೆ, ಐದು ವರ್ಷಗಳೊಳಗೆ ನೂರಕ್ಕೆ ೩ ಕೆಡುವ ಕೀಲಿನಲ್ಲಿ ಅವನಿಗೆ ಕಾಣುವುದು ಒಂದು ವೈಫಲ್ಯ. ನೂರಕ್ಕೆ ೬ ಕೆಡುವ ಕೀಲಿನಲ್ಲಿ ಕಾಣುವುದು ಎರಡು. ಒಂದಕ್ಕೂ ಎರಡಕ್ಕೂ ಇರುವ ಅಂತರವನ್ನು ರೋಗಿಯ ಮೈಭಾರದ ಮೇಲೋ ದೈವದ ಮೇಲೋ ಹಾಕಿಬಿಡುವುದು ಸುಲಭ. ಅದೇ ಕೀಲುಗಳನ್ನು ನಾಲ್ಕು ಸಾವಿರ ಮಂದಿಯಲ್ಲಿ ಎಣಿಸಿದರೆ ೧೨೦ಕ್ಕೂ ೨೪೦ಕ್ಕೂ ಇರುವ ಭೇದವನ್ನು ಯಾವ ವಾದದಿಂದಲೂ ಮರೆಸಲಾಗುವುದಿಲ್ಲ. ಭೂಯೋದರ್ಶನದಿಂದ ವ್ಯಾಪ್ತಿಗ್ರಹವಾಗುವುದೆಂದು ತಾರ್ಕಿಕರು ಹೇಳುವುದರ ಅರ್ಥವು ಇಲ್ಲಿ ಅಂಕಿಗಳಲ್ಲಿ ಎದ್ದು ಕಾಣುತ್ತದೆ. ಈ ಭೂಯೋದರ್ಶನಕ್ಕಾಗಿ ಸ್ವೀಡನ್ನಿನಲ್ಲಿ ೧೯೭೫ರಲ್ಲಿ ಮಂಡಿಯ ರಿಜಿಸ್ಟರೂ ೧೯೭೯ರಲ್ಲಿ ಸೊಂಟದ ರಿಜಿಸ್ಟರೂ ಪ್ರಾರಂಭವಾದುವು. ೨೦೨೦ರಲ್ಲಿ ಎರಡೂ ಒಂದಾದುವು. ಫಿನ್ಲೆಂಡು ೧೯೮೦ರಲ್ಲಿಯೂ ನಾರ್ವೆ ೧೯೮೭ರಲ್ಲಿಯೂ ಡೆನ್ಮಾರ್ಕು ೧೯೯೫ರಲ್ಲಿಯೂ ಇದನ್ನು ಅನುಸರಿಸಿದುವು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳು ಆ ಶತಮಾನದ ಕೊನೆಯಲ್ಲಿ ಸೇರಿದುವು. ಇಂಗ್ಲೆಂಡು ವೇಲ್ಸುಗಳಲ್ಲಿ ಕೆಲಸವು ಮೊದಲಾದುದು ೨೦೦೩ನೆಯ ಏಪ್ರಿಲಿನಲ್ಲಿ. ಅಲ್ಲಿ ೧೯೯೧ರಲ್ಲಿ ಮಾರುಕಟ್ಟೆಗೆ ಬಂದ ‘ಕ್ಯಾಪಿಟಲ್’ ಎಂಬ ಸೊಂಟದ ಕೀಲು ಬೇಗ ಸಡಿಲುತ್ತದೆಂದು ೧೯೯೮ರಲ್ಲಿ ಸರ್ಕಾರವು ಎಚ್ಚರಿಕೆ ಕೊಟ್ಟಾಗ, ಅದು ಯಾರ ಯಾರ ಮೈಯಲ್ಲಿದೆಯೆಂಬುದನ್ನು ಆಸ್ಪತ್ರೆಗಳ ಕಡತಗಳಲ್ಲಿ ಹುಡುಕಬೇಕಾಗಿ ಬಂದಿತು. ತಡವಾಗಿ ಹುಟ್ಟಿದರೂ ಆ ರಿಜಿಸ್ಟರು ಈಗ ಮೂವತ್ತು ಲಕ್ಷಕ್ಕೂ ಮೇಲ್ಪಟ್ಟ ದಾಖಲೆಗಳಿಂದ ಲೋಕದಲ್ಲಿ ಅತ್ಯಂತ ದೊಡ್ಡದೆನಿಸಿದೆ.

ಇವುಗಳ ಅಂಗರಚನೆ ಸರಳವಾದುದು. ಉಪಕರಣದ ಪೆಟ್ಟಿಗೆಯಲ್ಲಿ ಅದರ ಕ್ರಮಾಂಕವನ್ನು ಅಚ್ಚುಮಾಡಿದ ಅಂಟುಚೀಟಿಗಳಿರುವುವು. ಶಸ್ತ್ರಕ್ರಿಯೆ ಮುಗಿದೊಡನೆ ಆ ಚೀಟಿಗಳನ್ನು ಒಂದು ನಮೂನೆಯ ಕಾಗದಕ್ಕೆ ಅಂಟಿಸಿ, ರೋಗವೇನು, ಸಿಮೆಂಟು ಹಾಕಿತೇ ಇಲ್ಲವೇ ಎಂಬಂಥ ಕೆಲವು ಪ್ರಶ್ನೆಗಳಿಗೆ ಗುರುತುಹಾಕಿ ಕಳುಹಿಸುವುದು. ನಾರ್ವೆಯವರ ನಮೂನೆಯು ಒಂದೇ ಪುಟದ್ದಾಗಿತ್ತು. ಸೂತ್ರಕಾರರ ಲಾಘವವೇ ಇದಕ್ಕೂ ಜೀವ. ಪ್ರಶ್ನೆಗಳು ಹೆಚ್ಚಿದರೆ ಉತ್ತರಗಳು ಕಡಮೆಯಾಗುವುವು. ಸ್ವೀಡನ್ನಿನಲ್ಲಿ ೧೯೪೭ರಿಂದ ಪ್ರತಿಯೊಬ್ಬ ನಿವಾಸಿಗೂ ಒಂದು ಸಂಖ್ಯೆಯುಂಟು. ಒಂದೂರಿನಲ್ಲಿ ಕೂಡಿಸಿದ ಕೀಲನ್ನು ಇಪ್ಪತ್ತು ವರ್ಷಗಳ ಮೇಲೆ ಬೇರೊಂದೂರಿನಲ್ಲಿ ತೆಗೆದರೂ ಎರಡು ದಾಖಲೆಗಳೂ ಆ ಸಂಖ್ಯೆಯ ದಾರದಲ್ಲಿ ಪೋಣಿಸಿಕೊಳ್ಳುವುವು. ಇನ್ನೊಂದು ಗುಣವು ಎಲ್ಲಕ್ಕಿಂತಲೂ ಮುಖ್ಯವಾದುದು. ದಾಖಲೆಯನ್ನು ಬರೆಯುವುದು ಫಲವು ತಿಳಿಯುವುದಕ್ಕೆ ಮುಂಚೆ. ಚೆನ್ನಾದುದನ್ನು ಆರಿಸಿ ಬರೆಯಲು ಅಲ್ಲಿ ಅವಕಾಶವೇ ಇಲ್ಲ. ಉಪಕರಣವನ್ನು ಕಲ್ಪಿಸಿದವರು ತಾವೇ ಬರೆದ ಲೇಖನಗಳಲ್ಲಿ ಕಾಣುವ ಫಲವು ರಿಜಿಸ್ಟರುಗಳಲ್ಲಿ ಕಾಣುವುದಕ್ಕಿಂತ ಎಷ್ಟೋ ವೇಳೆ ಉತ್ತಮವಾಗಿರುವುದೇಕೆಂಬುದು ಇದರಿಂದ ತಿಳಿದೀತು.

ಈ ಗ್ರಂಥಗಳು ಸಾಧಿಸಿರುವುದು ಅಲ್ಪವಲ್ಲ. ‘ಬೋನ್‌ಲಾಕ್’ ಎಂಬ ಸಿಮೆಂಟು ೧೯೯೧ರಲ್ಲಿ ಹೊರಬಂದಿತು. ಗಟ್ಟಿಯಾಗುವಾಗ ಅದರಲ್ಲಿ ಹುಟ್ಟುವ ಉಷ್ಣ ಕಡಮೆ, ಹೊರಬೀಳುವ ಆವಿ ಕಡಮೆ, ಆದಕಾರಣ ಅದು ಉತ್ತಮವೆಂಬುದು ಅದರ ಪಕ್ಷದವರ ಅನುಮಾನ. ನಾರ್ವೆಯ ರಿಜಿಸ್ಟರು ಆ ಸಿಮೆಂಟಿನಿಂದ ಕೂಡಿಸಿದ ಸೊಂಟಗಳು ಬೇಗನೆ ಸಡಿಲುವುವೆಂದು ತೋರಿಸಿತು. ೧೯೯೫ರಲ್ಲಿ ಅದು ಮಾರುಕಟ್ಟೆಯಿಂದ ಹೋಯಿತು. ಲೋಹದ ಬಟ್ಟಲಿನಲ್ಲಿ ಲೋಹದ ಗುಂಡು ತಿರುಗುವ ಸೊಂಟಗಳ ಕಥೆಯು ಇದಕ್ಕಿಂತ ದೊಡ್ಡದು. ಗುಂಡು ದೊಡ್ಡದಾದಷ್ಟೂ ಕೀಲು ತಪ್ಪುವ ಭಯ ಕಡಮೆ, ನಡುವೆ ದ್ರವವು ಚೆನ್ನಾಗಿ ನಿಲ್ಲುವುದರಿಂದ ಸವೆತವೂ ಕಡಮೆ ಎಂದು ತರ್ಕ. ಇಂಗ್ಲೆಂಡಿನ ರಿಜಿಸ್ಟರಿನ ೪,೦೨,೦೫೧ ಸೊಂಟಗಳನ್ನು ವಿಮರ್ಶಿಸಿ ೨೦೧೨ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊರಟ ಲೇಖನವು, ಅವುಗಳಲ್ಲಿ ಲೋಹಕ್ಕೆ ಲೋಹವಾಗಿದ್ದ ೩೧,೧೭೧ರಲ್ಲಿ ಗುಂಡು ದೊಡ್ಡದಾದಷ್ಟೂ ವೈಫಲ್ಯವು ಹೆಚ್ಚೆಂದು ತೋರಿಸಿ, ಇಂಥವನ್ನು ಇನ್ನು ಕೂಡಿಸಬಾರದೆಂದು ಹೇಳಿತು. ತರ್ಕವು ಅಂದವಾಗಿಯೇ ಇದ್ದಿತು. ದೃಷ್ಟವಿರೋಧ ಬಂದಲ್ಲಿ ಅಂದವು ಏನು ಮಾಡೀತು?

ಇಲ್ಲಿ ಒಂದು ಪೂರ್ವಪಕ್ಷವು ಏಳುವುದು. ಎಣಿಕೆಯಿಂದ ಸಾಹಚರ್ಯವು ತಿಳಿಯಬಹುದೇ ಹೊರತು ಕಾರಣವು ತಿಳಿಯುವುದೆಂತು? ಬೆಂಕಿಯಿದ್ದಲ್ಲೆಲ್ಲ ಹೊಗೆಯೆಂಬ ವ್ಯಾಪ್ತಿಯು ಹಸಿಸೌದೆಯೆಂಬ ಉಪಾಧಿಯಿಂದ ಕೆಡುವುದೆಂದು ನ್ಯಾಯಶಾಸ್ತ್ರವನ್ನು ಆರಂಭಿಸಿದ ಬಾಲಕನೂ ಬಲ್ಲನು. ಹಾಗೆಯೇ ಸಿಮೆಂಟಿಲ್ಲದ ಸೊಂಟವು ಬೇಗ ಕೆಟ್ಟಿತೆಂದರೆ ಅದು ಸಿಮೆಂಟಿಲ್ಲದುದರಿಂದಲೋ, ಅದನ್ನು ಹೆಚ್ಚಾಗಿ ಎಳೆಯ ವಯಸ್ಸಿನವರಿಗೆ ಕೂಡಿಸುವುದರಿಂದಲೋ? ಎಳೆಯರು ಹೆಚ್ಚು ನಡೆಯುವರು, ಹೆಚ್ಚು ಕಾಲ ಬದುಕುವರು, ಕೀಲನ್ನು ಹೆಚ್ಚು ಸವೆಯಿಸುವರು. ರಿಜಿಸ್ಟರಿನವರು ಈ ಆಕ್ಷೇಪವನ್ನು ಅರಿಯದವರಲ್ಲ. ವಯಸ್ಸು, ಲಿಂಗ, ರೋಗಗಳನ್ನು ಬೇರೆ ಬೇರೆ ಮಾಡಿ ಸಮಾನರನ್ನು ಸಮಾನರೊಡನೆ ಹೋಲಿಸುವರು. ಬರೆದಿರುವ ಉಪಾಧಿಗೆ ಇದು ಪರಿಹಾರ. ಒಂದು ಪುಟದ ನಮೂನೆಯಲ್ಲಿ ಬರೆಯದೆ ಉಳಿದ ಉಪಾಧಿಗೆ ಪರಿಹಾರವಿಲ್ಲ. ಆದರೂ ಈ ಆಕ್ಷೇಪದ ಬಲವನ್ನು ಅತಿಯಾಗಿ ಎಣಿಸಬಾರದು. ಒಂದೇ ಕೀಲು ಆಸ್ಟ್ರೇಲಿಯದಲ್ಲಿಯೂ ಇಂಗ್ಲೆಂಡಿನಲ್ಲಿಯೂ ಒಂದೇ ರೀತಿಯಲ್ಲಿ ಕೆಟ್ಟಿತೆಂದು ಎರಡು ಗ್ರಂಥಗಳು ಪರಸ್ಪರ ನೋಡದೆ ಹೇಳಿದಾಗ, ಎರಡು ಕಡೆಯಲ್ಲಿಯೂ ಅದೇ ಅದೃಶ್ಯವಾದ ಉಪಾಧಿಯು ಅಡಗಿರುವುದೆಂದು ವಾದಿಸುವವನ ಮೇಲೆಯೇ ಅದನ್ನು ತೋರಿಸುವ ಭಾರವು ಬೀಳುವುದು.

ನಿಜವಾದ ದೋಷವಿರುವುದು ಬೇರೆಡೆಯಲ್ಲಿ; ಅದನ್ನು ಸಾವಕಾಶವಾಗಿ ನೋಡತಕ್ಕದ್ದು. ಈ ಗ್ರಂಥಗಳೆಲ್ಲವುಗಳಲ್ಲಿ ‘ವೈಫಲ್ಯ’ಕ್ಕೆ ಲಕ್ಷಣವೇನು? ‘ರಿವಿಷನ್’ ಎಂಬುದೊಂದೇ. ಕೂಡಿಸಿದ ಕೀಲಿನ ಯಾವುದಾದರೊಂದು ಭಾಗವನ್ನು ತೆಗೆಯುವುದು, ಬದಲಿಸುವುದು ಅಥವಾ ಹೊಸದಾಗಿ ಸೇರಿಸುವುದು ಎಂದು ಅದರ ವಿವರಣೆ. (ಈ ಶಬ್ದವನ್ನು ಇಂಗ್ಲಿಷಿನವರು ಗ್ರಂಥಸಂಪಾದಕರಿಗೂ ಉಪಯೋಗಿಸುವರು. ಆ ಸಂಪಾದಕರು ಪರಿಷ್ಕರಣವು ನಡೆಯದ ಹಸ್ತಪ್ರತಿಯನ್ನು ದೋಷರಹಿತವೆಂದು ಎಂದೂ ಭಾವಿಸರು.) ಹೀಗೆ ರಿವಿಷನ್ ಆಗದೆ ಉಳಿದ ಕೀಲಿಗೆ ಆ ಸಂಪುಟಗಳಲ್ಲಿ ‘ಬದುಕುಳಿದುದು’ ಎಂದು ಹೆಸರು. ಉಳಿದುದು ಕೀಲು; ರೋಗಿಯು ಉಳಿದಿರಬೇಕೆಂಬ ನಿಯಮವಿಲ್ಲ. ರೋಗಿಯು ತೀರಿಹೋದರೆ ಅವನ ಕೀಲು ಅಂದಿನವರೆಗೆ ಬದುಕಿತ್ತೆಂದು ಲೆಕ್ಕವು ಮುಗಿಯುವುದು. ಜನರು ಈ ಕೋಷ್ಟಕಗಳನ್ನು ಓದಿ ಏನೆಂದು ತಿಳಿಯುವರೋ ಹೇಳಲು ಬಾರದು. ೨೦೧೯ರಲ್ಲಿ ಹಲವು ರಿಜಿಸ್ಟರುಗಳನ್ನು ಸೇರಿಸಿ ಮಾಡಿದ ಒಂದು ಎಣಿಕೆಯಲ್ಲಿ, ೨೫ ವರ್ಷಗಳವರೆಗೆ ಸೊಂಟದ ಕೀಲುಗಳಲ್ಲಿ ನೂರಕ್ಕೆ ೫೮, ಮಂಡಿಯ ಪೂರ್ಣವಾದ ಕೀಲುಗಳಲ್ಲಿ ನೂರಕ್ಕೆ ೮೨ ಬಾಳುವುವೆಂದು ಕಂಡುಬಂದಿತು. ಬಾಳುವುವು ಎಂದರೆ ತೆಗೆಯಲ್ಪಟ್ಟಿಲ್ಲ ಎಂದಷ್ಟೇ ಅರ್ಥ. ನೋವಿಲ್ಲದೆ ನಡೆಯುವರೆಂಬುದು ಆ ವಾಕ್ಯದಿಂದ ಅಭಿಧೆಯಿಂದಲೂ ಬಾರದು, ಲಕ್ಷಣೆಯಿಂದಲೂ ಬಾರದು.

ಲಕ್ಷಣಕ್ಕೆ ಮೂರು ದೋಷಗಳುಂಟು: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಕಡೆಯದು ಇಲ್ಲಿಲ್ಲ. ಅತಿವ್ಯಾಪ್ತಿಯುಂಟು. ಕೀಲಿಗೆ ವಿಷಕ್ರಿಮಿಗಳು ಸೋಂಕಿ ತೆಗೆಯಬೇಕಾದರೆ ತಪ್ಪು ಲೋಹದ್ದಲ್ಲ. ಆದರೂ ಎಣಿಕೆಯು ಕೀಲಿನ ಹೆಸರಿಗೆ ಬೀಳುವುದು. ಮೊದಲು ಬಿಟ್ಟಿದ್ದ ಮಂಡಿಚಿಪ್ಪಿನ ಹಿಂಬದಿಗೆ ಆಮೇಲೆ ಒಂದು ಬಿಲ್ಲೆಯನ್ನು ಸೇರಿಸಿದರೂ ಅದು ರಿವಿಷನ್ನೇ. ಒಂದು ಕೀಲಿನ ಮೇಲೆ ಅಪವಾದವು ಹರಡಿದೊಡನೆ ವೈದ್ಯರೂ ರೋಗಿಗಳೂ ಶಂಕೆಯಿಂದ ನೋಡುವುದರಿಂದ ರಿವಿಷನ್ನುಗಳು ಹೆಚ್ಚುವುದೂ ಉಂಟು. ಇವುಗಳನ್ನು ಕಾರಣಭೇದದಿಂದ ವಿಂಗಡಿಸಿ ತೋರಿಸುವ ಪದ್ಧತಿಯು ಒಳ್ಳೆಯ ಸಂಪುಟಗಳಲ್ಲಿ ಇರುವುದರಿಂದ ಈ ದೋಷವು ಪರಿಹಾರ್ಯ.

ಅವ್ಯಾಪ್ತಿಯು ಹಾಗಲ್ಲ. ನೋಯುತ್ತಿರುವ ಕೀಲನ್ನು ತೆಗೆಯದೆ ಬಿಟ್ಟರೆ ಅದು ಸಫಲಗಳ ಗುಂಪಿನಲ್ಲಿ ಸೇರುವುದು. ತೆಗೆಯದಿರುವುದಕ್ಕೆ ಕಾರಣಗಳು ಹಲವು: ರೋಗಿಯು ಅತಿವೃದ್ಧ, ಹೃದಯವು ದುರ್ಬಲ, ಮತ್ತೊಮ್ಮೆ ಕೊಯ್ಯಿಸಿಕೊಳ್ಳಲು ಭಯ, ‘ಎಲುಬಿನ ಚಿತ್ರದಲ್ಲಿ ಎಲ್ಲವೂ ಸರಿಯಾಗಿದೆ’ ಎಂದು ವೈದ್ಯನ ಮಾತು. ಮಂಡಿಯನ್ನು ಬದಲಾಯಿಸಿಕೊಂಡವರಲ್ಲಿ ತೃಪ್ತರಾದವರು ನೂರಕ್ಕೆ ಸುಮಾರು ಎಂಬತ್ತೆಂದು ಇಂಗ್ಲೆಂಡಿನಲ್ಲಿ ವಿಚಾರಿಸಿದಾಗ ತಿಳಿದುಬಂದಿತು. ರಿವಿಷನ್ನಿನ ಲೆಕ್ಕದಲ್ಲಿ ಹತ್ತು ವರ್ಷಗಳಿಗೆ ನೂರಕ್ಕೆ ಐದು ಮೀರಬಾರದೆಂದು ಅದೇ ದೇಶದವರು ೨೦೧೪ರಲ್ಲಿ ಸೊಂಟದ ಉತ್ತಮ ಕೀಲಿಗೆ ಗಡಿಯನ್ನು ಹಾಕಿರುವರು. ಒಂದೆಡೆ ಐದು, ಒಂದೆಡೆ ಇಪ್ಪತ್ತು. ನಡುವಣ ಜನರು ಎಲ್ಲಿ ಹೋದರು? ಅವರಿಗೆ ಗ್ರಂಥದಲ್ಲಿ ಅಧ್ಯಾಯವಿಲ್ಲ.

ಈ ದೋಷದಿಂದ ನಿರ್ಣಯವೇ ತಲೆಕೆಳಗಾಗಬಹುದೆಂಬುದಕ್ಕೆ ಏಕಪಾರ್ಶ್ವ ಮಂಡಿಯ ವಿವಾದವು ಉದಾಹರಣೆ. ಮಂಡಿಯಲ್ಲಿ ಒಂದು ಪಾರ್ಶ್ವ ಮಾತ್ರ ಸವೆದಿದ್ದರೆ ಅಷ್ಟನ್ನೇ ಬದಲಿಸಿ ಉಳಿದುದನ್ನು ಕಾಪಾಡುವ ಕ್ರಿಯೆಯೊಂದುಂಟು. ಎಲ್ಲವನ್ನೂ ಬದಲಿಸುವ ಪೂರ್ಣಕ್ರಿಯೆಯು ಇನ್ನೊಂದು. ರಿಜಿಸ್ಟರುಗಳೆಲ್ಲವೂ ಏಕಸ್ವರದಿಂದ ಮೊದಲನೆಯದರಲ್ಲಿ ರಿವಿಷನ್ ಎರಡು ಮೂರು ಪಟ್ಟು ಹೆಚ್ಚೆಂದು ಹೇಳುತ್ತ ಬಂದಿರುವುವು. ಇದನ್ನು ಓದಿದ ಎಷ್ಟೋ ಶಸ್ತ್ರವೈದ್ಯರು ಆ ಕ್ರಿಯೆಯನ್ನು ದೂರವಿಟ್ಟರು. ೨೦೧೦ರಲ್ಲಿ ಗುಡ್‌ಫೆಲೋ, ಓಕಾನರ್, ಮರ್ರಿ ಎಂಬವರು ನ್ಯೂಜಿಲೆಂಡಿನ ರಿಜಿಸ್ಟರನ್ನು ತೆರೆದು ಬೇರೊಂದು ಪ್ರಶ್ನೆಯನ್ನು ಕೇಳಿದರು. ಆ ದೇಶದ ರಿಜಿಸ್ಟರು ಶಸ್ತ್ರಕ್ರಿಯೆಯಾದ ಆರು ತಿಂಗಳಿಗೆ ರೋಗಿಯನ್ನೇ ಹನ್ನೆರಡು ಪ್ರಶ್ನೆ ಕೇಳಿ ೪೮ಕ್ಕೆ ಅಂಕವನ್ನು ಕೊಡುತ್ತದೆ. ಆ ಅಂಕವು ೨೦ಕ್ಕೂ ಕೆಳಗಿದ್ದ, ಎಂದರೆ ತೀರ ಕೆಟ್ಟ ಸ್ಥಿತಿಯಲ್ಲಿದ್ದ ಮಂಡಿಗಳಲ್ಲಿ, ಏಕಪಾರ್ಶ್ವದವುಗಳ ಪೈಕಿ ನೂರಕ್ಕೆ ಸುಮಾರು ೬೩ಕ್ಕೆ ರಿವಿಷನ್ ನಡೆದಿದ್ದಿತು. ಪೂರ್ಣದವುಗಳ ಪೈಕಿ ನೂರಕ್ಕೆ ಸುಮಾರು ೧೨ಕ್ಕೆ ಮಾತ್ರ. ನೋವು ಸಮಾನ, ಕತ್ತಿಯು ಅಸಮಾನ. ಏಕಪಾರ್ಶ್ವವನ್ನು ಪೂರ್ಣಕ್ಕೆ ಮಾರ್ಪಡಿಸುವುದು ಸುಲಭವಾದ್ದರಿಂದ ಶಸ್ತ್ರವೈದ್ಯನು ಕೂಡಲೇ ಮುಂದಾಗುವನು. ಪೂರ್ಣವನ್ನು ತೆಗೆದು ಮತ್ತೆ ಕೂಡಿಸುವುದು ಕಷ್ಟವಾದ್ದರಿಂದ ‘ಸ್ವಲ್ಪ ಕಾಲ ನೋಡೋಣ’ ಎನ್ನುವನು. ಹಾಗೆ ನೋಡುತ್ತಿರುವಷ್ಟು ಕಾಲವೂ ಆ ಮಂಡಿಯು ಗ್ರಂಥದಲ್ಲಿ ಸಫಲ.

ಈ ಮೂವರಲ್ಲಿ ಮೊದಲಿನ ಇಬ್ಬರು ಆಕ್ಸ್‌ಫರ್ಡಿನ ಏಕಪಾರ್ಶ್ವ ಕೀಲನ್ನು ಕಲ್ಪಿಸಿದವರೇ ಆದುದರಿಂದ ಇವರ ಮಾತಿನಲ್ಲಿ ಪಕ್ಷಪಾತವನ್ನು ಶಂಕಿಸುವುದು ಯುಕ್ತ. ಶಂಕಿಸಿದ ಮೇಲೂ ಅಂಕಿಗಳು ನ್ಯೂಜಿಲೆಂಡಿನವೇ ಹೊರತು ಅವರವಲ್ಲ ಎಂಬುದನ್ನು ನೆನೆಯತಕ್ಕದ್ದು. ಇದಲ್ಲದೆ ೨೦೧೪ರಲ್ಲಿ ಇಂಗ್ಲೆಂಡಿನ ರಿಜಿಸ್ಟರಿನಿಂದ ಪರಸ್ಪರ ಸದೃಶರಾದ ೧,೦೧,೩೩೦ ರೋಗಿಗಳನ್ನು ಆರಿಸಿ ಮಾಡಿದ ಹೋಲಿಕೆಯಲ್ಲಿ ಇನ್ನೊಂದು ಸಂಗತಿಯು ಹೊರಬಿದ್ದಿತು. ಪೂರ್ಣಕ್ರಿಯೆಗೊಳಗಾಗುವ ನೂರು ಮಂದಿಗೆ ಏಕಪಾರ್ಶ್ವವನ್ನು ಮಾಡಿದ್ದರೆ ಮೊದಲ ನಾಲ್ಕು ವರ್ಷಗಳಲ್ಲಿ ಮರಳಿ ಕೊಯ್ಯಬೇಕಾಗುವವರು ಮೂವರು ಹೆಚ್ಚು. ಸಾಯುವವರು ಸುಮಾರು ಒಬ್ಬರು ಕಡಮೆ. ಮರಣವನ್ನು ಬಿಟ್ಟು ರಿವಿಷನ್ನನ್ನೇ ವೈಫಲ್ಯವೆಂದು ಎಣಿಸುವ ಗ್ರಂಥದಲ್ಲಿ ಆ ಮೂವರು ಕಾಣುವರು, ಆ ಒಬ್ಬರು ಕಾಣುವುದಿಲ್ಲ. ಮುಂದೆ ೫೨೮ ಮಂದಿಯನ್ನು ಚೀಟಿಯೆತ್ತಿದಂತೆ ಎರಡು ಪಂಗಡ ಮಾಡಿ ಐದು ವರ್ಷ ನೋಡಿ ೨೦೧೯ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಎರಡು ಕ್ರಿಯೆಗಳ ಫಲವೂ ಹೆಚ್ಚು ಕಡಮೆ ಸಮವಾಗಿದ್ದಿತು. ಏಕಪಾರ್ಶ್ವವನ್ನು ವರ್ಷಕ್ಕೆ ಬೆರಳೆಣಿಕೆಯಷ್ಟು ಮಾತ್ರ ಮಾಡುವವರ ಕೈಯಲ್ಲಿ ಅದು ಹೆಚ್ಚು ಕೆಡುವುದೆಂಬುದೂ ರಿಜಿಸ್ಟರುಗಳಿಂದಲೇ ತಿಳಿದಿದೆ. ಆದಕಾರಣ ಹಳೆಯ ಅಂಕಿಯಲ್ಲಿ ಎಷ್ಟು ಭಾಗ ಕೀಲಿನದು, ಎಷ್ಟು ಕೈಯದು, ಎಷ್ಟು ಲಕ್ಷಣದೋಷದ್ದು ಎಂದು ಬೇರ್ಪಡಿಸದೆ ಒಂದು ಕ್ರಿಯೆಯನ್ನು ತ್ಯಾಜ್ಯವೆಂದು ಸಾರಿದುದು ಆತುರವೇ ಸರಿ.

ಹಾಗಾದರೆ ರೋಗಿಯ ಮಾತನ್ನು ಲಕ್ಷಣದಲ್ಲಿ ಸೇರಿಸುವುದೇ ಉಪಾಯವೇ? ನೋವು ಸ್ವಸಂವೇದ್ಯ, ಪರರಿಗೆ ಅದರಲ್ಲಿ ಶಬ್ದದ ಹೊರತು ಬೇರೆ ನೇರವಾದ ಪ್ರಮಾಣವಿಲ್ಲ. ವಾಗ್ಭಟನು ನೋಡುವುದು, ಮುಟ್ಟುವುದು, ಕೇಳುವುದು ಎಂದು ರೋಗಿಪರೀಕ್ಷೆಯನ್ನು ಮೂರು ವಿಧವಾಗಿ ಹೇಳಿದನು. ಮೂರನೆಯದನ್ನು ಬಿಟ್ಟ ಪರೀಕ್ಷೆಯು ಅವನ ಮತದಲ್ಲಿ ಅಪೂರ್ಣ. ಸ್ವೀಡನ್ನಿನ ಸೊಂಟದ ರಿಜಿಸ್ಟರು ೨೦೦೨ರಿಂದ ರೋಗಿಗಳ ಉತ್ತರಗಳನ್ನು ಕೂಡಿಸಲಾರಂಭಿಸಿತು. ಇಂಗ್ಲೆಂಡಿನಲ್ಲಿ ೨೦೦೯ನೆಯ ಏಪ್ರಿಲಿನಿಂದ ಶಸ್ತ್ರಕ್ರಿಯೆಗೆ ಮೊದಲೊಮ್ಮೆ, ಆರು ತಿಂಗಳ ಮೇಲೊಮ್ಮ ಇವನ್ನು ಕೇಳುವರು. ನ್ಯೂಜಿಲೆಂಡಿನ ಅನುಭವವು ಇನ್ನೂ ಸ್ವಾರಸ್ಯವಾದುದು: ಆರು ತಿಂಗಳಿಗೆ ಬಂದ ಕಡಮೆ ಅಂಕವು, ಮುಂದಿನ ಎರಡು ವರ್ಷಗಳೊಳಗೆ ಯಾರಿಗೆ ರಿವಿಷನ್ ಆದೀತೆಂಬುದನ್ನು ಮುಂಚಿತವಾಗಿ ಸೂಚಿಸುವುದೆಂದು ಅಲ್ಲಿಯವರು ತೋರಿಸಿರುವರು. ಎಂದರೆ ರೋಗಿಯ ಮಾತು ಕೇವಲ ಗೊಣಗಾಟವಲ್ಲ. ಶಸ್ತ್ರವೈದ್ಯನ ಕಣ್ಣಿಗೆ ಕಾಣುವುದಕ್ಕೆ ಮುಂಚೆ ರೋಗಿಯ ನಾಲಗೆಗೆ ಬಂದ ಲಿಂಗ.

ಈ ಶಬ್ದಪ್ರಮಾಣಕ್ಕೂ ದೋಷಗಳುಂಟು. ಉತ್ತರ ಬರೆದು ಕಳುಹಿಸದವರು ಯಾರು, ಅವರ ಸ್ಥಿತಿಯೇನು ಎಂಬುದು ತಿಳಿಯದು. ಆರು ತಿಂಗಳು ಸ್ವಲ್ಪ ಕಾಲ; ಸವೆತವು ಹತ್ತು ವರ್ಷಗಳ ಮೇಲೆ ಮಾತಾಡುವುದು. ಇದಕ್ಕಿಂತಲೂ ವಿಚಾರಾರ್ಹವಾದುದು ಪ್ರಶ್ನೆಗಳ ಆಯ್ಕೆ. ಆಕ್ಸ್‌ಫರ್ಡಿನ ಮಂಡಿಯ ಪ್ರಶ್ನಾವಳಿಯು ಕಾರನ್ನು ಏರಿ ಇಳಿಯುವುದು, ಊಟವಾದ ಮೇಲೆ ಕುರ್ಚಿಯಿಂದ ಏಳುವುದು, ಅಂಗಡಿಗೆ ತಾನೇ ಹೋಗಿ ಸಾಮಾನು ತರುವುದು, ಮಂಡಿಯೂರಿ ಮತ್ತೆ ಏಳುವುದು, ಮೆಟ್ಟಿಲಿಳಿಯುವುದು ಮುಂತಾದುವನ್ನು ಕೇಳುವುದು. ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕುಳಿತುಕೊಳ್ಳುವುದನ್ನಾಗಲಿ ಕುಕ್ಕರುಗಾಲಿನಲ್ಲಿ ಕೂರುವುದನ್ನಾಗಲಿ ಕೇಳುವುದಿಲ್ಲ. ಕನ್ನಡನಾಡಿನಲ್ಲಿ ಪಂಕ್ತಿಯ ಊಟ, ದೇವರ ಮನೆ, ಹೊಲದ ಕಳೆ, ನೆಲಮಟ್ಟದ ಒಲೆ, ಬಹಿರ್ದೆಸೆಯ ಕೋಣೆ ಇವೆಲ್ಲವೂ ಮಂಡಿಯ ಮಡಿಕೆಯನ್ನು ಬೇಡುವುವು. ಇಂಥ ಕಡೆಯಲ್ಲಿ ೪೮ಕ್ಕೆ ೪೫ ಅಂಕ ಪಡೆದವಳು ಮೊಮ್ಮಗನ ಉಪನಯನದಲ್ಲಿ ಕುರ್ಚಿಯ ಮೇಲೆ ಬೇರೆಯಾಗಿ ಕುಳಿತಿರಬೇಕಾದೀತು. ಅವಳ ಮಂಡಿಯು ಸಫಲವೇ ಅಲ್ಲವೇ ಎಂಬುದಕ್ಕೆ ಆ ಪ್ರಶ್ನಾವಳಿಯಲ್ಲಿ ಜಾಗವಿಲ್ಲ. ದೇಶಾಚಾರಗಳನ್ನು ಬಲ್ಲವರು ಪ್ರಶ್ನೆಗಳನ್ನು ರಚಿಸಬೇಕಾದುದು ಭಾಷಾಂತರಕಾರರ ಕೆಲಸಕ್ಕಿಂತ ಮೊದಲಿನದು.

ಭಾರತದಲ್ಲಿ ಈ ವಿಚಾರವು ಇನ್ನೂ ಅಷ್ಟು ಮುಂದಕ್ಕೆ ಬಂದಿಲ್ಲ. ಸೊಂಟ ಮತ್ತು ಮಂಡಿಯ ಶಸ್ತ್ರವೈದ್ಯರ ಭಾರತೀಯ ಸಂಘವು ೨೦೦೬ರಲ್ಲಿ ಒಂದು ರಿಜಿಸ್ಟರನ್ನು ತೆರೆದುದು ಶ್ಲಾಘ್ಯವಾದ ಕಾರ್ಯ. ೨೦೧೩ರಲ್ಲಿ ಅದರ ಮೊದಲ ವರದಿಯು ಹೊರಟಾಗ ಸುಮಾರು ೩೪,೦೦೦ ಮಂಡಿಗಳೂ ೩,೬೦೦ ಸೊಂಟಗಳೂ ಅದರಲ್ಲಿದ್ದುವು. ಯುರೋಪಿನ ಉತ್ತರದ ದೇಶಗಳ ಪುಸ್ತಕಗಳಿಗೆ ಸೊಂಟವು ಮುಖ್ಯವಿಷಯವಾದರೆ ಇಲ್ಲಿಯದಕ್ಕೆ ಮಂಡಿ. ಆದರೆ ಇದು ಸ್ವೇಚ್ಛೆಯಿಂದ ಬರೆದು ಕಳುಹಿಸುವವರ ಪುಸ್ತಕ. ಬರೆಯದೆ ಇರುವವನು ಬರೆಯುವವನಂತೆಯೇ ಕೆಲಸ ಮಾಡುವನೆಂದು ಭಾವಿಸಲು ಆಧಾರವಿಲ್ಲ. ರಿವಿಷನ್ ಬೇರೊಬ್ಬ ವೈದ್ಯನಲ್ಲಿ ನಡೆದರೆ ಎರಡು ದಾಖಲೆಗಳನ್ನು ಕೂಡಿಸುವ ದಾರವೂ ಭದ್ರವಾಗಿಲ್ಲ. ಲಕ್ಷಣವು ಅವ್ಯಾಪ್ತವೇ ಎಂದು ಚರ್ಚಿಸುವುದಕ್ಕೆ ಮುಂಚೆ ಲಕ್ಷ್ಯಗಳು ಎಣಿಕೆಗೆ ಸಿಕ್ಕಬೇಕಷ್ಟೆ.

ಸಿಕ್ಕದೆ ಹೋದರೆ ಏನಾಗುವುದೆಂಬುದು ‘ಎ.ಎಸ್.ಆರ್.’ ಎಂಬ ಸೊಂಟದ ಕೀಲಿನ ವಿಷಯದಲ್ಲಿ ನಡೆದುಹೋಗಿದೆ. ಜಾನ್ಸನ್ ಅಂಡ್ ಜಾನ್ಸನ್ನಿಗೆ ಸೇರಿದ ಡಿಪ್ಯೂಯ್ ಎಂಬ ಸಂಸ್ಥೆಯು ತಯಾರಿಸಿದ ಈ ಲೋಹಕ್ಕೆ ಲೋಹದ ಕೀಲು ೨೦೦೩ರಲ್ಲಿ ಮಾರಾಟಕ್ಕೆ ಬಂದಿತು. ಆಸ್ಟ್ರೇಲಿಯದ ರಿಜಿಸ್ಟರು ೨೦೦೭ರಲ್ಲಿಯೇ ಅದರ ಹೆಸರನ್ನು ಶಂಕೆಯಿಂದ ಬರೆಯಿತು; ೨೦೦೯ರ ಕೊನೆಯಲ್ಲಿ ಆ ದೇಶದಿಂದ ಅದನ್ನು ಹಿಂದೆಗೆದುಕೊಂಡರು. ಐದು ವರ್ಷಗಳಲ್ಲಿ ನೂರಕ್ಕೆ ೧೨, ೧೩ರಂತೆ ರಿವಿಷನ್ನಾಗುವುದೆಂದು ಇಂಗ್ಲೆಂಡಿನ ಲೆಕ್ಕವು ತೋರಿಸಿದ ಮೇಲೆ ೨೦೧೦ನೆಯ ಆಗಸ್ಟಿನಲ್ಲಿ ಲೋಕದಲ್ಲೆಲ್ಲ ಹಿಂದೆಗೆದುಕೊಂಡರು. ಅಷ್ಟರಲ್ಲಿ ಅದು ಸುಮಾರು ೯೩,೦೦೦ ಮಂದಿಯ ಮೈಯಲ್ಲಿದ್ದಿತು. ಅವರಲ್ಲಿ ಸುಮಾರು ೪,೭೦೦ ಮಂದಿ ಭಾರತದವರು. ಕೇಂದ್ರದ ಆರೋಗ್ಯ ಇಲಾಖೆಯು ೨೦೧೭ರಲ್ಲಿ ನೇಮಿಸಿದ ತಜ್ಞರ ಸಮಿತಿಯು ವಿಚಾರಿಸಿದಾಗ ಇವರಲ್ಲಿ ಮೂರೂವರೆ ಸಾವಿರಕ್ಕೂ ಮಿಕ್ಕವರ ಗುರುತೇ ಸಿಕ್ಕಲಿಲ್ಲ. ೨೦೧೮ರಲ್ಲಿ ೩೦ ಲಕ್ಷ ರೂಪಾಯಿಗಳಿಂದ ೧.೨೩ ಕೋಟಿಯವರೆಗೆ ಪರಿಹಾರವು ಗೊತ್ತಾಯಿತು. ಸಿಕ್ಕದವರಿಗೆ ಅದನ್ನು ತಿಳಿಸುವ ಬಗೆಯಿರಲಿಲ್ಲ. ಆ ೪,೭೦೦ ಕೀಲುಗಳಲ್ಲಿ ಎಷ್ಟು ಕೆಟ್ಟುವು, ಎಷ್ಟು ನೋಯುತ್ತಲೇ ಉಳಿದುವು ಎಂಬ ಪ್ರಶ್ನೆಗೆ ಉತ್ತರ ಬೇಕಾದವರು ಈಗಲೂ ಆಸ್ಟ್ರೇಲಿಯದ ಮತ್ತು ಇಂಗ್ಲೆಂಡಿನ ಸಂಪುಟಗಳನ್ನು ತೆರೆದು, ಅಲ್ಲಿಯವರ ಕೀಲುಗಳಿಂದ ಇಲ್ಲಿಯವರ ಕೀಲುಗಳನ್ನು ಅನುಮಾನಿಸಬೇಕಾಗಿರುವುದು.